ಬಡಗಿಯ ಮನೆಯ ಲೆಕ್ಕ

(ಮೇ 1, ಕಾರ್ಮಿಕ ಸಂತ ಜೋಸೆಫರ ಹಬ್ಬದ ಪ್ರಬೋಧನೆ)



ಇಂದು ಕಾರ್ಮಿಕ ಸಂತ ಜೋಸೆಫರ ಹಬ್ಬ. 1955ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು ಈ ಹಬ್ಬವನ್ನು ಮೇ 1ಕ್ಕೆ ಗೊತ್ತುಮಾಡಿದರು. ಲೋಕವೆಲ್ಲ ಕಾರ್ಮಿಕರ ದಿನ ಆಚರಿಸುವಾಗ ಧರ್ಮಸಭೆಯೂ ಒಬ್ಬ ಬಡಗಿಯನ್ನು ನೆನೆಯಲಿ ಎಂಬುದೇ ಅದರ ಉದ್ದೇಶ.

ಈಗತಾನೇ ಶುಭಸಂದೇಶ ಕೇಳಿದೆವು. ನಜರೇತಿನ ಜನ ಯೇಸುವಿನ ಬೋಧನೆಗೆ ಬೆರಗಾದರು. ಆದರೆ ಆ ಬೆರಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಬಡಗಿಯ ಮಗನಿಗೆ ಇಷ್ಟೊಂದು ಜ್ಞಾನ ಎಲ್ಲಿಂದ ಬಂತು ಎಂದು ಮೂಗು ಮುರಿದರು. ಆತನ ಮಾತಿನಲ್ಲಿ ಅವರಿಗೆ ತಪ್ಪೇನೂ ಸಿಗಲಿಲ್ಲ. ಸಿಕ್ಕಿದ್ದು ತಂದೆಯ ಕಸುಬು ಮಾತ್ರ. ಆ ತಾತ್ಸಾರದಿಂದ ನಷ್ಟವಾದದ್ದು ಯಾರಿಗೆ? ಊರಿಗೇ. ಅವರ ಅವಿಶ್ವಾಸದ ನಿಮಿತ್ತ ಯೇಸು ಅಲ್ಲಿ ಹೆಚ್ಚು ಅದ್ಭುತಗಳನ್ನು ಮಾಡಲಿಲ್ಲ ಎಂದು ಸಂತ ಮತ್ತಾಯರು ಬರೆಯುತ್ತಾರೆ.

ನಾವೇನು ಬೇರೆಯೇ? ಮದುವೆಯ ಮಾತುಕತೆಗೆ ಕುಳಿತಾಗ ಮೊದಲ ಪ್ರಶ್ನೆ, ಹುಡುಗ ಏನು ಮಾಡುತ್ತಾನೆ? ಎರಡನೆಯದು, ಪಗಾರ ಎಷ್ಟು? ಮೂರನೆಯ ಪ್ರಶ್ನೆ ಬರುವ ಮುಂಚೆಯೇ ನಮ್ಮ ತೀರ್ಪು ಮುಗಿದಿರುತ್ತದೆ. ಕಂಪನಿ ಕೆಲಸ ಎಂದರೆ ಕುರ್ಚಿ ಮುಂದೆ ಸರಿಯುತ್ತದೆ. ಗೌಂಡಿ ಎಂದರೆ ಚಹಾ ಬರುವುದೂ ತಡವಾಗುತ್ತದೆ.

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ತಿಕೋಟಾ ತಾಲ್ಲೂಕಿನ ಕಳ್ಳಕವಟಗಿಯಂಥ ಊರು ಎನ್ನೋಣ. ಮಳೆ ನಂಬಿ ಜೋಳ ಬಿತ್ತುವ, ಸಾಲ ಮಾಡಿ ಬೋರು ಕೊರೆಸಿ ದ್ರಾಕ್ಷಿ ಹಚ್ಚುವ ಸೀಮೆ. ಅಪ್ಪ ಅವ್ವ ಹೊಟ್ಟೆ ಬಟ್ಟೆ ಕಟ್ಟಿ ಮಗಳಿಗೆ ನರ್ಸಿಂಗ್ ಓದಿಸಿದ್ದಾರೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಿಂದ ಕರೆ ಬಂದಿದೆ. ಮಗಳು ಮಾತ್ರ, "ಇಲ್ಲೇ ಹಳ್ಳಿಗಳ ಬಾಣಂತಿಯರನ್ನು, ಕೂಸುಗಳನ್ನು ನೋಡಿಕೊಳ್ಳುತ್ತೇನೆ, ಪಗಾರ ಅರ್ಧವಾದರೂ ಸರಿ" ಎನ್ನುತ್ತಾಳೆ. ಅವ್ವ ಅಳುತ್ತಾಳೆ. ನೆಂಟರು, "ಇಷ್ಟು ಓದಿದ್ದು ಇದಕ್ಕೇನಾ?" ಎನ್ನುತ್ತಾರೆ. ಅಪ್ಪ ಎರಡು ದಿನ ಮಾತು ಬಿಡುತ್ತಾನೆ.

ಆ ಅಪ್ಪನ ಸಿಟ್ಟನ್ನು ಹಗುರವಾಗಿ ಕಾಣಬೇಡಿ. ಅದರಲ್ಲಿ ಆಸೆಗಿಂತ ಭಯವೇ ಹೆಚ್ಚು. ಬ್ಯಾಂಕಿನ ಕಂತು ತೀರಬೇಕು, ಮಗನ ಓದು ಮುಗಿಯಬೇಕು. ಆ ಭಯ ಪಾಪವಲ್ಲ. ಆದರೆ ಅದರ ಬೆನ್ನಿಗೆ ಇನ್ನೊಂದು ಭಯ ಅಡಗಿ ಕುಳಿತಿರುತ್ತದೆ: ನಾಲ್ಕು ಮಂದಿ ಏನಂದಾರು? ಮೊದಲನೆಯ ಭಯಕ್ಕೆ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಬೇಕು. ಎರಡನೆಯದನ್ನು ಪ್ರಭುವಿನ ಪಾದದಲ್ಲಿ ಬಿಟ್ಟುಬಿಡಬೇಕು.

ವಿಜಯಪುರದವರು ದೂರದ ಉದಾಹರಣೆ ಹುಡುಕಬೇಕಾಗಿಲ್ಲ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು ಮುಂಬಯಿಯಲ್ಲಿ ಕಾನೂನು ಓದಿ, ಆಗಿನ ಬಿಜಾಪುರದಲ್ಲಿ ವಕೀಲರಾಗಿ ನೆಲೆಸಿದರು. ಅವರು ನಮ್ಮ ಧರ್ಮಸಭೆಯವರಲ್ಲ, ಲಿಂಗಾಯತರು. ಒಳ್ಳೆಯದು ಎಲ್ಲಿದ್ದರೂ ಅದು ದೇವರಿಂದಲೇ ಬಂದದ್ದು. ವಕೀಲಿಯನ್ನೇ ನೆಚ್ಚಿಕೊಂಡಿದ್ದರೆ ಅವರು ಸುಖವಾಗಿರಬಹುದಿತ್ತು. ಆದರೆ ಮನೆಮನೆಗಳ ಜಂತಿಯಲ್ಲಿ ಹುಳ ತಿನ್ನುತ್ತಿದ್ದ ಶರಣರ ವಚನಗಳ ತಾಳೆಗರಿಗಳನ್ನು ಹುಡುಕುತ್ತ ಹೊರಟರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂತು. 1925ರಲ್ಲಿ ಇದ್ದ ಮನೆಯನ್ನು ಮಾರಿ 'ಹಿತಚಿಂತಕ' ಮುದ್ರಣಾಲಯ ತೆರೆದರು. ಮರುವರ್ಷ 'ಶಿವಾನುಭವ' ಪತ್ರಿಕೆ ಆರಂಭಿಸಿದರು. 1964ರಲ್ಲಿ ತೀರಿಕೊಳ್ಳುವವರೆಗೂ ಬಡತನ ಅವರನ್ನು ಬಿಡಲಿಲ್ಲ. ಅಂದು ವ್ಯವಹಾರ ತಿಳಿದವರ ಕಣ್ಣಿಗೆ ಅದು ನಷ್ಟದ ಬಾಬತ್ತು. ಇಂದು ಕನ್ನಡಿಗರ ಮನೆಯಲ್ಲಿ ವಚನದ ಪುಸ್ತಕವಿದ್ದರೆ, ಅದರಲ್ಲಿ ಆ ಮಾರಿದ ಮನೆಯ ಪಾಲೂ ಇದೆ. ಅದರ ಬೆಲೆಯನ್ನು ಅವರೊಬ್ಬರೇ ತೆರಲಿಲ್ಲ, ಮನೆಯವರೂ ತೆತ್ತರು ಎಂಬುದನ್ನು ಮರೆಯಬಾರದು.

ಸಂತ ಜೋಸೆಫರ ಮನೆಯೂ ಹೀಗೆಯೇ. ಬಾಲಯೇಸುವನ್ನು ದೇವಾಲಯಕ್ಕೆ ಒಯ್ದಾಗ ಜೋಸೆಫರೂ ಮರಿಯಮ್ಮನವರೂ ಕುರಿಮರಿಯನ್ನು ತರಲಿಲ್ಲ. ಬಡವರಿಗೆಂದು ಗೊತ್ತುಮಾಡಿದ ಜೋಡಿ ಹಕ್ಕಿಗಳ ಕಾಣಿಕೆ ಸಲ್ಲಿಸಿದರು. ಲೋಕವನ್ನೇ ಸೃಷ್ಟಿಸಿದಾತ ತನ್ನ ಏಕೈಕ ಪುತ್ರನನ್ನು ಬೆಳೆಸಲು ಆರಿಸಿಕೊಂಡದ್ದು ಉಳಿ ಬಾಚಿ ಹಿಡಿದ ಕೈಗಳನ್ನು. ಕೆಲಸದ ಹಿರಿಮೆ ಅದರ ಜಾತಿಯಿಂದಲೋ ಪಗಾರದಿಂದಲೋ ಅಲ್ಲ, ಅದನ್ನು ಮಾಡುವವನು ಮನುಷ್ಯ ಎಂಬುದರಿಂದಲೇ ಬರುತ್ತದೆ ಎಂದು ಜಗದ್ಗುರು ಎರಡನೆಯ ಜಾನ್ ಪೌಲರು 1981ರ ತಮ್ಮ ವಿಶ್ವಪತ್ರದಲ್ಲಿ ತಿಳಿಸಿದರು.

ಆದರೆ ಪ್ರಿಯರೇ, ಇಲ್ಲಿ ಒಂದು ಎಚ್ಚರ ಬೇಕು. ಕಡಿಮೆ ಸಂಬಳವನ್ನು ತಾನಾಗಿ ಆರಿಸಿಕೊಳ್ಳುವುದು ತ್ಯಾಗ. ಅದನ್ನು ಇನ್ನೊಬ್ಬರ ಮೇಲೆ ಹೇರುವುದು ಅನ್ಯಾಯ. ಹಳಕಟ್ಟಿಯವರ ಮುಂದೆ ಎರಡು ದಾರಿಗಳಿದ್ದವು. ದ್ರಾಕ್ಷಿ ತೋಟದಲ್ಲಿ ಚಾಟನಿ ಮಾಡುವ, ಶೆಡ್ಡಿನಲ್ಲಿ ಮಣೂಕ ಆರಿಸುವ ತಾಯಂದಿರ ಮುಂದೆ ಎಷ್ಟು ದಾರಿಗಳಿವೆ? ಅವರ ಬಡತನಕ್ಕೆ ತ್ಯಾಗವೆಂಬ ಹೆಸರಿಟ್ಟು ಕೈತೊಳೆದುಕೊಳ್ಳುವ ಹಕ್ಕು ನಮಗಿಲ್ಲ. ಗತಿಯಿಲ್ಲದೆ ಕಾರ್ಮಿಕ ಕಡಿಮೆ ಕೂಲಿಗೆ ಒಪ್ಪಿಕೊಂಡರೂ ಅದು ಅನ್ಯಾಯವೇ ಎಂದು 1891ರಷ್ಟು ಹಿಂದೆಯೇ ಜಗದ್ಗುರು ಹದಿಮೂರನೆಯ ಲಿಯೋ ಸ್ಪಷ್ಟವಾಗಿ ಬರೆದರು. ಈ ಮಾತು ನಮ್ಮ ಶಾಲೆಗಳಿಗೂ ಆಸ್ಪತ್ರೆಗಳಿಗೂ ಅನ್ವಯಿಸುತ್ತದೆ. ಸೇವೆ ಎಂಬ ಪವಿತ್ರ ಪದದ ಹಿಂದೆ ಕಡಿಮೆ ಸಂಬಳವನ್ನು ಬಚ್ಚಿಡಬಾರದು. ಇದನ್ನು ಗುರುವಾದ ನಾನು ಮೊದಲು ನನಗೇ ಹೇಳಿಕೊಳ್ಳುತ್ತಿದ್ದೇನೆ.

ಯೇಸು ಹೇಳಿದ ದ್ರಾಕ್ಷಿ ತೋಟದ ಸಾಮತಿ ನಮ್ಮ ಸೀಮೆಯವರಿಗೆ ಬೇಗ ಅರ್ಥವಾಗಬೇಕು. ಸಂಜೆ ಐದು ಗಂಟೆಗೆ ಬಂದವನಿಗೂ ಯಜಮಾನ ಇಡೀ ದಿನದ ಕೂಲಿ ಕೊಟ್ಟ. ಏಕೆ? ತಡವಾಗಿ ಕೆಲಸ ಸಿಕ್ಕವನ ಮನೆಯಲ್ಲೂ ಆ ರಾತ್ರಿ ಒಲೆ ಉರಿಯಬೇಕಲ್ಲವೇ!

ಆದ್ದರಿಂದ ಈ ಹಬ್ಬದಂದು ಮೂರು ಸಣ್ಣ ಸಂಕಲ್ಪಗಳನ್ನು ಮಾಡೋಣ. ಯಾರನ್ನಾದರೂ ಮೊದಲ ಬಾರಿ ಕಂಡಾಗ ಅವರ ಪಗಾರ ಕೇಳದಿರೋಣ. ಮಗನೋ ಮಗಳೋ ಕಡಿಮೆ ಆದಾಯದ ಕೆಲಸ ಬಯಸಿದರೆ ಬೈಯುವ ಮುಂಚೆ ಜೊತೆಗೆ ಕುಳಿತು ಲೆಕ್ಕ ಮಾಡೋಣ: ಮನೆಗೆ ಎಷ್ಟು ಬೇಕು, ಎಷ್ಟು ಕಡಿಮೆಯಾದರೆ ತಡೆದೀತು, ಸಾಲಕ್ಕೆ ಯಾರು ಹೆಗಲು ಕೊಡುತ್ತಾರೆ? ಮಕ್ಕಳೇ, ನೀವೂ ಆ ಲೆಕ್ಕದಿಂದ ಓಡಿಹೋಗಬೇಡಿ. ಅವ್ವನ ಬೆವರನ್ನು ಮರೆತ ತ್ಯಾಗ ತ್ಯಾಗವಲ್ಲ. ಮೂರನೆಯದಾಗಿ, ನಮ್ಮಲ್ಲಿ ದುಡಿದವರ ಕೂಲಿಯನ್ನು ನಾಳೆಗೆಂದು ತಡೆಹಿಡಿಯದಿರೋಣ.

ಒಂದು ವೇಳೆ ಲೆಕ್ಕ ಕೂಡಿಬರದೆ ಆ ಮಗಳು ಬೆಂಗಳೂರಿಗೇ ಹೋಗಬೇಕಾಗಿ ಬಂದರೆ? ಹೋಗಲಿ, ದೇವರು ಅಲ್ಲಿಯೂ ಇದ್ದಾರೆ. ಲೆಕ್ಕ ಕೂಡಿಬಂದು ಅವಳು ಇಲ್ಲೇ ಉಳಿದರೆ, ಅಪ್ಪ ಮೌನ ಮುರಿದು ಮೊದಲ ದಿನ ಅವಳನ್ನು ತಾನೇ ಗಾಡಿಯಲ್ಲಿ ಕೂರಿಸಿಕೊಂಡು ಕೆಲಸಕ್ಕೆ ಬಿಟ್ಟು ಬರಲಿ. ನಾಲ್ಕು ಮಂದಿ ಅದನ್ನೂ ನೋಡಲಿ.

ಬಡಗಿಯ ಕಸುಬಿಗೆ ನಾಚದ ಸಂತ ಜೋಸೆಫರೇ, ನಮ್ಮ ಮನೆಗಳಿಗಾಗಿ, ದುಡಿಯುವ ಎಲ್ಲ ಕೈಗಳಿಗಾಗಿ ಪ್ರಾರ್ಥಿಸಿರಿ. ಆಮೆನ್.