ಗೋಮಾಳದ ಹುಲ್ಲಿಗೂ ಕರಾರು ಬೇಕು
(ಭಾಷಣದ ಪಾಠ)



ಹೊಲವನ್ನು ಗುತ್ತಿಗೆಗೆ ಕೊಡುವಾಗ ಎಲ್ಲೆ, ಅವಧಿ, ಹಣ ಎಲ್ಲವನ್ನೂ ಕಾಗದದ ಮೇಲೆ ಬರೆಸಿಕೊಳ್ಳುವ ರೈತರು ದನ ಮೇಯಿಸುವ ಮಾತು ಬಂದಾಗ ಬಾಯಿಮಾತಿಗೇ ಬಿಟ್ಟುಬಿಡುತ್ತಾರೆ. ನೆಲ ಸರ್ಕಾರದ್ದು, ಹುಲ್ಲು ಮಳೆಯದ್ದು, ಇದಕ್ಕೇನು ಕರಾರು ಎಂಬ ಭಾವನೆ. ಮಂದೆ ಮಂದೆಗಳ ನಡುವೆ ಜಗಳ ಹುಟ್ಟುವುದೂ, ಕಡೆಗೆ ಗೋಮಾಳವೇ ಊರಿನ ಕೈಬಿಟ್ಟು ಹೋಗುವುದೂ ಬಹುಮಟ್ಟಿಗೆ ಈ ಭಾವನೆಯಿಂದಲೇ.

ಮೊದಲು ನೆಲ ಯಾವುದೆಂದು ಪಹಣಿ ನೋಡಿ ತಿಳಿಯಬೇಕು. ಗೋಮಾಳ, ಕಾವಲು, ಕಾಡು ಈ ಮೂರೂ ದನಕ್ಕೆ ಒಂದೇ. ಕಾನೂನಿಗೆ ಮೂರೂ ಬೇರೆ ಬೇರೆ.

1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 71ನೆಯ ಪ್ರಕರಣದಂತೆ ಸರ್ಕಾರಿ ಜಮೀನನ್ನು ಊರ ದನಗಳ ಉಚಿತ ಮೇವಿಗಾಗಿ ಕಾದಿರಿಸಬಹುದು. ಹಾಗೆ ಕಾದಿರಿಸಿದ ನೆಲವನ್ನು ಜಿಲ್ಲಾಧಿಕಾರಿಯ ಮಂಜೂರಾತಿಯಿಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. 72ನೆಯ ಪ್ರಕರಣ ಇನ್ನೂ ಸ್ಪಷ್ಟ. ಮೇಯಿಸುವ ಹಕ್ಕು ಆ ನೆಲ ಯಾವ ಊರಿಗೆ ಸೇರಿದೆಯೋ ಆ ಊರಿನ ದನಗಳಿಗೆ ಮಾತ್ರ. ಆದ್ದರಿಂದ ಊರಿನ ನಾಲ್ಕು ಜನ ಸೇರಿ ಹೊರಗಿನ ಮಂದೆಯವರಿಂದ ಹಣ ಪಡೆದು, ಗೋಮಾಳದಲ್ಲಿ ಮೂರು ತಿಂಗಳು ಮೇಯಿಸಿಕೊಳ್ಳಿ ಎಂದು ಚೀಟಿ ಬರೆದುಕೊಟ್ಟರೆ ಅದಕ್ಕೆ ಕಾನೂನಿನ ಬಲವಿಲ್ಲ. ಕೊಟ್ಟವರಿಗೆ ಕೊಡುವ ಅಧಿಕಾರವಿಲ್ಲ, ಪಡೆದವರಿಗೆ ರಕ್ಷಣೆಯಿಲ್ಲ. ದನಗಳನ್ನು ಕೊಂಡವಾಡಕ್ಕೆ, ಅಂದರೆ ದೊಡ್ಡಿಗೆ, ಹೊಡೆದ ದಿನ ಆ ಚೀಟಿ ಯಾವ ಕೆಲಸಕ್ಕೂ ಬರುವುದಿಲ್ಲ.

ಗೋಮಾಳ ಎಷ್ಟಿರಬೇಕು? 1966ರ ಭೂಕಂದಾಯ ನಿಯಮಗಳ 97ನೆಯ ನಿಯಮ ನೂರು ದನಗಳಿಗೆ 12 ಹೆಕ್ಟೇರು ಎಂದು ಹೇಳುತ್ತದೆ. ಸುಮಾರು 30 ಎಕರೆ. ಒಂದು ದನಕ್ಕೆ ಹೆಚ್ಚು ಕಡಿಮೆ 12 ಗುಂಟೆ. ರೈತರು ಎಚ್ಚರವಾಗಿರಬೇಕಾದ ಜಾಗ ಇದು. ಒಂದು ಊರಿನಲ್ಲಿ 400 ದನಗಳಿವೆ ಎನ್ನೋಣ. ಊರಿಗೆ 48 ಹೆಕ್ಟೇರು ಬೇಕು. ಗಣತಿಗೆ ಬಂದವರ ಮುಂದೆ, ತೆರಿಗೆ ಹಾಕಿಯಾರೆಂಬ ಹೆದರಿಕೆಯಿಂದಲೋ ಉದಾಸೀನದಿಂದಲೋ, 250 ಮಾತ್ರ ಬರೆಸಿದರೆ 30 ಹೆಕ್ಟೇರು ಸಾಕಾಗುತ್ತದೆ. ಉಳಿದ 18 ಹೆಕ್ಟೇರು, ಅಂದರೆ ಸುಮಾರು 45 ಎಕರೆ, ಕಡತದಲ್ಲಿ ‘ಹೆಚ್ಚುವರಿ’ ಆಗಿಬಿಡುತ್ತದೆ. ಹೆಚ್ಚುವರಿ ಎಂದು ಒಮ್ಮೆ ಬರೆದ ನೆಲಕ್ಕೆ ಅರ್ಜಿದಾರರು ಹುಟ್ಟಲು ಬಹಳ ದಿನ ಬೇಕಿಲ್ಲ. ಜಾನುವಾರು ಗಣತಿ ಐದು ವರ್ಷಕ್ಕೊಮ್ಮೆ ಎಂದು ಇರುವ ಕೆಲಸ. ಇಪ್ಪತ್ತನೆಯ ಗಣತಿ 2019ರದು. ಕಿವಿಯೋಲೆ ಹಾಕಿಸುವುದು, ಗಣತಿಯಲ್ಲಿ ಕರುಗಳನ್ನೂ ಬಿಡದೆ ಬರೆಸುವುದು, ಪಶು ಆಸ್ಪತ್ರೆಯ ಲೆಕ್ಕಕ್ಕೂ ಊರಿನ ಲೆಕ್ಕಕ್ಕೂ ತಾಳೆ ನೋಡುವುದು ಇವೆಲ್ಲ ಗೋಮಾಳ ಕಾಯುವ ಕೆಲಸವೇ.

ಇನ್ನು ಕಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಎಂದು ಹೆಸರಾಯಿತು. ಆ ದನಗಳಿಗೆಂದು ಬಿಟ್ಟ ಕಾವಲುಗಳಲ್ಲಿ ಮಳೆಗಾಲದವು, ಚಳಿಗಾಲದವು, ಬೇಸಿಗೆಯವು ಎಂದು ಭಾಗಗಳಿದ್ದವು. ಮಂದೆ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿತ್ತು, ಬಿಟ್ಟುಬಂದ ಕಾವಲಿನ ಹುಲ್ಲು ಚೇತರಿಸಿಕೊಳ್ಳುತ್ತಿತ್ತು. ಪುಸ್ತಕ ಓದದ ಸೇರ್ವೆಗಾರರು ನಡೆಸಿದ ಈ ಪದ್ಧತಿಯನ್ನು ಮೇವಿನ ತಜ್ಞರು ಇಂದಿಗೂ ತಪ್ಪೆನ್ನಲಾರರು. ಕಾವಲು ಗೋಮಾಳವಲ್ಲ, ಅದು ಯಾವ ಇಲಾಖೆಯ ಸ್ವಾಧೀನದಲ್ಲಿದೆಯೋ ಆ ಇಲಾಖೆಯ ಲಿಖಿತ ಅನುಮತಿಯಿಂದಲೇ ಅಲ್ಲಿ ಮೇಯಿಸಬೇಕು. ಬರೀ ರೂಢಿಯನ್ನು ನಂಬಿದರೆ ಏನಾಗುತ್ತದೆಂಬುದನ್ನು ಚಳ್ಳಕೆರೆ ತಾಲ್ಲೂಕು ಕಂಡಿದೆ. ಅಲ್ಲಿ ಸುಮಾರು 10,000 ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾದಾಗ, ತಲೆಮಾರುಗಳಿಂದ ಕುರಿ ಮೇಯಿಸಿದವರು ಬೇಲಿಯ ಹೊರಗೆ ನಿಂತರು.

ಕಾಡಿನಲ್ಲಿ ಮೇಯಿಸುವವರಿಗೆ 2006ರ ಅರಣ್ಯ ಹಕ್ಕು ಕಾಯಿದೆ ಒಂದು ದಾರಿ ತೆರೆದಿದೆ. ನೆಲೆ ನಿಂತವರ ಮೇವೂ, ಅಲೆದಾಡುವ ಮಂದೆಗಳ ಮೇವೂ ಅದರ ಸಮುದಾಯ ಹಕ್ಕುಗಳಲ್ಲಿ ಸೇರಿವೆ. ಅರ್ಜಿ ಗ್ರಾಮಸಭೆಯಿಂದ ಹೊರಡಬೇಕು. ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷದ, ವಾಸವನ್ನು ತೋರಿಸಬೇಕಾಗುತ್ತದೆ.

ಈಗ ಕರಾರಿನ ಒಳಗೆ ಏನಿರಬೇಕೆಂಬ ಮಾತು. ಎಷ್ಟು ಎಕರೆ ಎಂಬುದು ಮುಖ್ಯವಲ್ಲ, ಎಷ್ಟು ದನ, ಎಷ್ಟು ದಿನ ಎಂಬುದು ಮುಖ್ಯ. ಲೆಕ್ಕ ಹಾಕಿ ನೋಡಿ. ಸವೆದ ಗೋಮಾಳದಲ್ಲಿ ಹೆಕ್ಟೇರಿಗೆ ಒಂದು ಟನ್ ಒಣಹುಲ್ಲು ಬಂದೀತೆಂದು ಹಿಡಿದರೂ 12 ಗುಂಟೆಗೆ 120 ಕಿಲೋ. ಬೇರು ಬದುಕಬೇಕಾದರೆ ಅರ್ಧ ಬಿಡಬೇಕು. ಉಳಿದದ್ದು 60 ಕಿಲೋ. 250 ಕಿಲೋ ತೂಗುವ ನಾಟಿ ಹಸುವಿಗೆ ದಿನಕ್ಕೆ ಸುಮಾರು ಆರು ಕಿಲೋ ಒಣಮೇವು ಬೇಕು. ಹತ್ತು ದಿನಕ್ಕೆ ಮುಗಿಯಿತು! ವರ್ಷವಿಡೀ ಗೋಮಾಳವನ್ನೇ ನಂಬಿದ ಹಸು ವರ್ಷದ ಉಳಿದ ದಿನ ಹುಲ್ಲನ್ನಲ್ಲ, ಹುಲ್ಲಿನ ಬೇರನ್ನು ತಿನ್ನುತ್ತಿರುತ್ತದೆ.

ಅಮೆರಿಕದಲ್ಲಿ ಸರ್ಕಾರಿ ಬಯಲುಗಳು ಬಹುಕಾಲ ಹೀಗೆಯೇ ಯಾರಿಗೂ ಸೇರದೆ ಎಲ್ಲರೂ ಮೇಯಿಸಿ ಹಾಳಾದವು. 1934ರಲ್ಲಿ ಟೇಲರ್ ಮೇವಿನ ಕಾಯಿದೆ ಬಂದ ಮೇಲೆ ಅಲ್ಲಿ ಪರವಾನಗಿ ಕೊಡುವುದು ತಲೆ ಮತ್ತು ತಿಂಗಳ ಲೆಕ್ಕದಲ್ಲಿ. ಕರುವಿನೊಡನೆ ಒಂದು ಹಸು, ಅಥವಾ ಐದು ಕುರಿ, ಒಂದು ತಿಂಗಳು ಮೇಯುವಷ್ಟು ಹುಲ್ಲು ಒಂದು ಘಟಕ. ಪರವಾನಗಿ ಸಾಮಾನ್ಯವಾಗಿ ಹತ್ತು ವರ್ಷದ್ದು. ಬರ ಬಂದರೆ ತಲೆಯ ಸಂಖ್ಯೆ ಇಳಿಸುತ್ತಾರೆ. ಅಲ್ಲಿನ ಸಾವಿರಾರು ಎಕರೆಯ ಹಿಡಿತಕ್ಕೂ ಇಲ್ಲಿನ ಹನ್ನೆರಡು ಗುಂಟೆಗೂ ಹೋಲಿಕೆಯಿಲ್ಲ. ಅಳತೆಯ ಕ್ರಮವನ್ನು ಮಾತ್ರ ಎರವಲು ಪಡೆಯಬಹುದು.

ಊರಿನವರೇ ಗೋಮಾಳಕ್ಕೆ ಕಟ್ಟಳೆ ಮಾಡಿಕೊಳ್ಳುವಾಗ ಅದನ್ನು ಗ್ರಾಮಸಭೆಯ ನಡವಳಿ ಪುಸ್ತಕದಲ್ಲಿ ಬರೆಸಿ, ಒಂದು ಪ್ರತಿಯನ್ನು ತಹಶೀಲ್ದಾರರಿಗೆ ಕಳಿಸಬೇಕು. ಸರ್ವೆ ನಂಬರು, ನಾಲ್ಕು ಎಲ್ಲೆ, ಮನೆವಾರು ದನ ಕುರಿಗಳ ಸಂಖ್ಯೆ ಇರಲಿ. ಮುಂಗಾರಿನ ಮೊದಲ ಮಳೆಯಾದ ಮೇಲೆ ಆರೆಂಟು ವಾರ ಯಾವ ಭಾಗಕ್ಕೆ ದನ ಬಿಡುವುದಿಲ್ಲ ಎಂಬುದನ್ನು ತಾರೀಖು ಸಹಿತ ಬರೆಯಬೇಕು. ಆ ಭಾಗದಲ್ಲಿ ಅಂಜನ್ ಹುಲ್ಲು, ಸ್ಟೈಲೋ ಬೀಜ ಚೆಲ್ಲಲು ಇದೇ ಸಮಯ. ಕುಡಿಯುವ ನೀರಿನ ದಾರಿಯನ್ನು ಮರೆಯಬಾರದು. ಹುಲ್ಲಿನ ಜಗಳಗಳಲ್ಲಿ ಅನೇಕವು ವಾಸ್ತವವಾಗಿ ನೀರಿನ ಜಗಳಗಳು.

ಕೆರೆ ಅಂಗಳ, ನೆಡುತೋಪುಗಳ ಹುಲ್ಲನ್ನು ಪಂಚಾಯಿತಿಯೋ ಇಲಾಖೆಯೋ ಹರಾಜು ಹಾಕುವುದುಂಟು. ಹರಾಜಿನಲ್ಲಿ ಕೂಗುವ ಮೊದಲು, ಕೊಯ್ದು ಒಯ್ಯುವುದಕ್ಕೋ ದನ ಬಿಟ್ಟು ಮೇಯಿಸುವುದಕ್ಕೋ ಎಂದು ಕೇಳಿಕೊಳ್ಳಬೇಕು. 1908ರ ನೋಂದಣಿ ಕಾಯಿದೆಯ ಪ್ರಕಾರ ಬೆಳೆದು ನಿಂತ ಹುಲ್ಲು ಚರಸ್ವತ್ತು. ಕೊಯ್ಯಲು ಕೊಂಡರೆ ರಸೀದಿ ಮತ್ತು ಷರತ್ತಿನ ಕಾಗದ ಸಾಕು. ನೆಲವನ್ನೇ ಒಂದು ವರ್ಷಕ್ಕೆ ಮೀರಿದ ಅವಧಿಗೆ ಗುತ್ತಿಗೆ ಹಿಡಿದರೆ ನೋಂದಣಿ ಕಡ್ಡಾಯ. ಸಹಿ ಮಾಡಿದವರ ಹುದ್ದೆ, ಮೊಹರು, ಠರಾವಿನ ಸಂಖ್ಯೆ ಮೂರನ್ನೂ ನೋಡಿಕೊಂಡು, ಅದರ ನಕಲನ್ನು ಮಂದೆಯ ಹಿಂದೆ ಹೋಗುವ ಹುಡುಗನ ಕೈಯಲ್ಲೇ ಕೊಟ್ಟಿರಬೇಕು; ತಡೆದವರು ಕೇಳುವುದು ಅವನನ್ನೇ.