ಕಂಪ್ಯೂಟರಿಗೆ ಕರೆಂಟು ಎಷ್ಟು ಬೇಕು?



ರಜತ ಮಹೋತ್ಸವದ ಈ ವೇದಿಕೆಯಲ್ಲಿ ನಾವು ಎತ್ತಿಕೊಂಡ ವಿಷಯ ಸಣ್ಣದು; ಆದರೆ ಸಂಘದ ರೊಕ್ಕಕ್ಕೆ ಸಂಬಂಧಪಟ್ಟದ್ದು. 2022ರಲ್ಲಿ ಕೇಂದ್ರ ಸರಕಾರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಈಗ ಲೆಡ್ಜರಿನ ಕೆಲಸ ಕಂಪ್ಯೂಟರಿಗೆ ಬರುತ್ತಿದೆ. ನಮ್ಮ ಬಸವಕಲ್ಯಾಣ, ಹುಮನಾಬಾದ ಕಡೆಯ ಹಳ್ಳಿಗಳಲ್ಲಿ ಕರೆಂಟ್ ಹೋಗೋದು ಯಾರಿಗೂ ಹೊಸದಲ್ಲ. ತೊಗರಿ ರಾಶಿ ಬಿಟ್ಟು ಸಾಲದ ಕೆಲಸಕ್ಕೆ ಬಂದ ರೈತ "ಕರೆಂಟಿಲ್ಲ, ನಾಳೆ ಬರ್ರಿ" ಅನ್ನಿಸಿಕೊಂಡು ಹೋದರೆ ಅವನ ಒಂದು ದಿನ ಹಾಳು. ಹಾಗಾಗಿ ಇನ್ವರ್ಟರ್ ಬೇಕೇ ಬೇಕು. ಎಷ್ಟು ದೊಡ್ಡದು ಅನ್ನೋದೇ ಪ್ರಶ್ನೆ.

ಅಂಗಡಿಯವರು ಕಂಪ್ಯೂಟರಿನ ಎಸ್‌ಎಂಪಿಎಸ್ ಮೇಲಿನ ಚೀಟಿ ತೋರಿಸ್ತಾರ: 450 ವ್ಯಾಟ್. ಅದು ಕೊಡಬಲ್ಲ ಗರಿಷ್ಠ ಶಕ್ತಿ, ಬಳಕೆಯಲ್ಲ. 10 ಕ್ವಿಂಟಲ್ ಹೊರುವ ಬಂಡಿ ದಿನಾಲೂ 10 ಕ್ವಿಂಟಲ್ ಹೇರಿಕೊಂಡೇ ತಿರುಗ್ತದೇನ್ರಿ? ಯುಪಿಎಸ್ ಮೇಲೆ ಬರೆದ 600 ವಿಎ ಕೂಡ ಇದೇ ಜಾತಿಯದು.

ನಿಜ ತಿಳಿಯಲು ಜೆಸ್ಕಾಂ ಮೀಟರೇ ಸಾಕು. ಫ್ಯಾನು, ಲೈಟು ಎಲ್ಲ ಆರಿಸಿ, ಯುಪಿಎಸ್ ಬ್ಯಾಟರಿ ತುಂಬಿದ ಮೇಲೆ, ಕಂಪ್ಯೂಟರ್ ಒಂದನ್ನೇ ಹಚ್ಚಿ ಎಂದಿನಂತೆ ಕೆಲಸ ನಡೆಸಬೇಕು. ಮೀಟರಿನ ಕೆಂಪು ದೀಪ ಮಿಣುಕ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಅನ್ನೋದು ಅದರ ಮುಖದ ಮೇಲೇ ಅಚ್ಚಾಗಿರ್ತದೆ. ಎಷ್ಟೋ ಮೀಟರುಗಳಲ್ಲಿ 3200. ಒಂದು ಮಿಣುಕಿನಿಂದ ಶುರುಮಾಡಿ 5 ನಿಮಿಷ ಎಣಿಸಿದಾಗ 20 ಬಂದವು ಅಂತ ಇಟ್ಟುಕೊಳ್ಳಿ. ತಾಸಿಗೆ 240. ಅದನ್ನು 3200ರಿಂದ ಭಾಗಿಸಿ 1000ದಿಂದ ಗುಣಿಸಿದರೆ 75 ವ್ಯಾಟ್. ಟೈಪು ಮಾಡುವ ಸಾದಾ ಆಫೀಸ್ ಕಂಪ್ಯೂಟರು, ಎಲ್‌ಇಡಿ ಮಾನಿಟರ್ ಸೇರಿ, ಹೆಚ್ಚು ಕಡಿಮೆ ಇಷ್ಟರಲ್ಲೇ ಇರ್ತದೆ.

ದಿನಕ್ಕೆ 8 ತಾಸು, ತಿಂಗಳಿಗೆ 25 ದಿನ ಹಿಡಿದರೆ 15 ಯೂನಿಟ್. ಚೀಟಿ ನಂಬಿದವರ ಲೆಕ್ಕದಲ್ಲಿ ಅದೇ 90 ಯೂನಿಟ್ ಆಗ್ತದೆ! ಬ್ಯಾಟರಿಯ ಮಾತೂ ಹೀಗೇ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1800 ವ್ಯಾಟ್-ಅವರ್ ಇದ್ದರೂ ನಾವು 1200 ಮಾತ್ರ ಕೈಗೆ ಬರ್ತದೆ ಅಂತ ಹಿಡಿಯೋದು ವಾಸಿ. ಕಂಪ್ಯೂಟರು, ಒಂದು ಫ್ಯಾನು, ಒಂದು ಟ್ಯೂಬು ಸೇರಿ 170 ವ್ಯಾಟ್ ಆದರೆ ಸುಮಾರು 7 ತಾಸು ನಡೀತದೆ. 450ರ ಲೆಕ್ಕ ಹಿಡಿದಿದ್ದರೆ ಎರಡು ತಾಸಿನ ಚಿಲ್ಲರೆ ಬಂದು, ಮಂಡಳಿ ಎರಡನೇ ಬ್ಯಾಟರಿಗೂ ಠರಾವು ಪಾಸು ಮಾಡ್ತಿತ್ತು.

ಲೇಸರ್ ಪ್ರಿಂಟರ್ ಮಾತ್ರ ಈ ಲೆಕ್ಕಕ್ಕೆ ಸೇರದು. ಒಳಗೆ ಕಾಯುವಾಗ ಗಳಿಗೆ ಮಟ್ಟಿಗೆ ನೂರಾರು ವ್ಯಾಟ್ ಎಳೀತದೆ. ಅದನ್ನು ಸಣ್ಣ ಯುಪಿಎಸ್‌ಗೆ ಜೋಡಿಸಬೇಡಿ. ಗೋಡೆಯ ಪ್ಲಗ್ಗಿಗೇ ಇರಲಿ.