ಅಜ್ಜನ ರೈಫಲ್ ವಾಪಸ್ ತಗೋಬೇಕಾ? ಕಾಗದ ಮೊದಲು, ಬಂದೂಕು ಆಮೇಲೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರೋ, ಅಡುಗೆ ಮಾಡ್ತಾ ಕೇಳ್ತಿದ್ದೀರೋ, ಒಂದು ಹದಿನೈದು ನಿಮಿಷ ನನಗೆ ಕೊಡಿ. ಇವತ್ತಿನ ವಿಷಯ ಸ್ವಲ್ಪ ಬೇರೆ. ಒಬ್ಬ ಕೇಳುಗರು ಇಳಕಲ್‌ನಿಂದ ವಾಯ್ಸ್ ಮೆಸೇಜ್ ಕಳಿಸಿದ್ದರು. ಅವರ ವಯಸ್ಸು 27. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳಲ್ಲ.

ಅವರ ಮಾತು ಹೀಗಿತ್ತು: "ಅಣ್ಣಾ, ಬಾದಾಮಿ ತಾಲೂಕಿನಾಗ ನಮ್ಮ ಅಜ್ಜಾರ ಹಂತೇಕ ಒಂದು ಬಂದೂಕ ಇತ್ತು. ಕೆಳಗ ಹಿಡಿಕಿ ಎಳದು ಗುಂಡ ಏರಿಸೋದು. ಅಜ್ಜಾರು ತೀರಿಕೊಂಡ ಮ್ಯಾಲ ಅದನ್ನ ಮಾರಿದ್ರು. ತಗೊಂಡವರು ಬಾಗಲಕೋಟಿಯವರು. ಈಗ ಅವರ ಮನಿಯಾಗೂ ಹಿರಿಯರು ಹೋಗಿ ಎರಡು ವರ್ಷ ಆತು. ಮಕ್ಕಳು ಬೆಂಗಳೂರಾಗ ಅದಾರ. ಬೇಕಂದ್ರ ತಗೊಂಡು ಹೋಗ್ರಿ, ಕಾಗದಪತ್ರ ಆಮ್ಯಾಲ ನೋಡೋಣ ಅಂತಾರ. ನಾ ತಗೋಬೇಕಂತೀನಿ. ಏನಂತೀರಿ?"

ಜೊತೆಗೆ ಒಂದು ಫೋಟೋ ಕೂಡ ಇತ್ತು. ಕಟ್ಟಿಗೆ ಭಾಗ ಕೈಯಾಡಿ ಕೈಯಾಡಿ ಕಪ್ಪಾಗಿ ಹೊಳೀತಿದೆ. ಕಬ್ಬಿಣ ಬೂದುಬಣ್ಣ ಆಗಿದೆ. ಬ್ಯಾರಲ್ ಮೇಲೆ ವಿಂಚೆಸ್ಟರ್ ಅಂತ ಹೆಸರು. ನೋಡಿದ ಕೂಡಲೇ ನನಗೂ ಆಸೆ ಆಯ್ತು, ಸುಳ್ಳು ಯಾಕೆ ಹೇಳಲಿ.

ನಿಮ್ಮಲ್ಲಿ ಬಿಜಿಎಂಐ ಆಡೋರಿಗೆ ಈ ಬಂದೂಕು ಗೊತ್ತು. ಮಿರಮಾರ್ ಮ್ಯಾಪ್‌ನಲ್ಲಿ ಸಿಗುತ್ತಲ್ಲ ವಿನ್94, ಅದರ ಮೂಲ ಇದು. ವಿಂಚೆಸ್ಟರ್ ಕಂಪನಿಯ 1894ರ ಮಾಡೆಲ್. ವಿನ್ಯಾಸ ಮಾಡಿದವನು ಜಾನ್ ಬ್ರೌನಿಂಗ್. ಟ್ರಿಗರ್ ಸುತ್ತ ಇರೋ ಹಿಡಿಕೆ, ಅಂದ್ರೆ ಲಿವರ್, ಅದನ್ನ ಕೆಳಗೆ ತಳ್ಳಿದ್ರೆ ಖಾಲಿ ತೋಟಾ ಹೊರಗೆ ಹಾರುತ್ತೆ. ಮೇಲೆ ಎಳೆದ್ರೆ ಹೊಸದು ಒಳಗೆ ಹೋಗುತ್ತೆ. ಅದಕ್ಕೇ ಲಿವರ್ ಆ್ಯಕ್ಷನ್ ಅಂತಾರೆ. ಎಲ್ಲಾ ಸೇರಿ 70 ಲಕ್ಷಕ್ಕಿಂತ ಹೆಚ್ಚು ತಯಾರಾಗಿವೆ. 2006ರಲ್ಲಿ ಅಮೆರಿಕದ ನ್ಯೂ ಹೇವನ್ ಕಾರ್ಖಾನೆ ಮುಚ್ಚಿತು. ಗೇಮ್‌ನಲ್ಲಿ ಅದಕ್ಕೆ .45 ಗುಂಡು ಹಾಕ್ತೀರಿ. ನಿಜವಾದ ಬಂದೂಕಿಗೆ ಅದು ಹೊಂದಲ್ಲ. ಅದರ ಪ್ರಸಿದ್ಧ ತೋಟಾ .30-30.

ಗೇಮ್‌ನಲ್ಲಿ ನೆಲದ ಮೇಲೆ ಬಿದ್ದಿರುತ್ತೆ, ಎತ್ತಿಕೊಂಡ್ರೆ ನಿಮ್ಮದು. ಬಾಗಲಕೋಟೆಯಲ್ಲಿ ಹಾಗಲ್ಲ. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಮೊದಲು ಒಂದು ಮಾತು ಸ್ಪಷ್ಟ ಮಾಡ್ತೀನಿ. ಹಳೇ ಬಂದೂಕಿನ ಮೇಲೆ ಪ್ರೀತಿ ಇರೋದು ಹುಚ್ಚಲ್ಲ. ನಮ್ಮ ಕಡೆ ದಸರೆಯಲ್ಲಿ ಖಂಡೇಪೂಜೆ ಮಾಡ್ತೀವಿ. ಕುಡಗೋಲು, ಕೊಡಲಿ, ಟ್ರ್ಯಾಕ್ಟರ್, ಮಗ್ಗ, ಎಲ್ಲಕ್ಕೂ ಕುಂಕುಮ ಹಚ್ತೀವಿ. ಬಂದೂಕು ಇದ್ದ ಮನೆಯಲ್ಲಿ ಬಂದೂಕಿಗೂ ಹಚ್ತಾರೆ. ದುಡಿದ ಸಾಮಾನಿಗೆ ಕೈ ಮುಗಿಯೋ ಜನ ನಾವು. ಅಜ್ಜನ ಭುಜಕ್ಕೆ ಒರಗಿ ನಿಂತಿದ್ದ ಸಾಮಾನು ಅಂದಮೇಲೆ ಅದು ಬರೀ ಕಬ್ಬಿಣ ಅಲ್ಲ.

ಇನ್ನೊಂದು ಕಥೆಯೂ ಇದೆ. ಹತ್ತನೇ ಕ್ಲಾಸಲ್ಲಿ ಹಲಗಲಿ ಬೇಡರ ಲಾವಣಿ ಓದಿದ್ದು ನೆನಪಿದೆಯಾ? ಆ ಹಲಗಲಿ ನಮ್ಮ ಜಿಲ್ಲೆಯದ್ದೇ, ಮುಧೋಳ ತಾಲೂಕು. 1857ರಲ್ಲಿ ಬ್ರಿಟಿಷರು ಹೊಸ ಕಾಯ್ದೆ ತಂದರು: ಆಯುಧ ಇದ್ದವರು ನೋಂದಾಯಿಸಬೇಕು, ಪರವಾನಗಿ ತಗೋಬೇಕು. ಬೇಟೆಯೇ ಬದುಕಾಗಿದ್ದ ಬೇಡರಿಗೆ ಆಯುಧ ಒಪ್ಪಿಸೋದು ಅಂದ್ರೆ ಮಾನ ಒಪ್ಪಿಸಿದ ಹಾಗೆ. ಅವರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಜಡಗ, ಬಾಲ ಸೇರಿದಂತೆ 19 ಜನರನ್ನ ಡಿಸೆಂಬರ್‌ನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಆಮೇಲೆ 1878ರಲ್ಲಿ ಇಡೀ ದೇಶಕ್ಕೆ ಆರ್ಮ್ಸ್ ಆ್ಯಕ್ಟ್ ಬಂತು. ಸ್ವಾತಂತ್ರ್ಯ ಬಂದಮೇಲೆ ಅದರ ಜಾಗಕ್ಕೆ ನಮ್ಮ 1959ರ ಆಯುಧ ಕಾಯ್ದೆ ಬಂತು.

ಹಾಗಾಗಿ ಈ ಜಿಲ್ಲೆಯಲ್ಲಿ ಯಾರಾದ್ರೂ "ಅಜ್ಜನ ಬಂದೂಕಿಗೆ ಸರ್ಕಾರದ ಕಾಗದ ಯಾಕೆ" ಅಂದ್ರೆ, ಆ ಮಾತಿನ ಹಿಂದೆ ದೊಡ್ಡ ನೆನಪಿದೆ. ಆದ್ರೆ ಒಂದು ವ್ಯತ್ಯಾಸ ನೋಡಿ. ಆಗಿನ ಕಾಯ್ದೆ ಪರದೇಶದವರು ಹೇರಿದ್ದು. ಈಗಿನದ್ದು ನಾವೇ ಆರಿಸಿದ ಸಂಸತ್ತು ಮಾಡಿದ್ದು, ಒಂದು ಬಂದೂಕು ಯಾರ ಕೈಯಲ್ಲಿದೆ ಅಂತ ಅಕ್ಕಪಕ್ಕದವರಿಗೆ ಧೈರ್ಯ ಇರಲಿ ಅಂತ. ಅಮೆರಿಕದ ಹಾಗೆ ನಮ್ಮಲ್ಲಿ ಬಂದೂಕು ಮೂಲಭೂತ ಹಕ್ಕಲ್ಲ. ನಮ್ಮ ರಾಜ್ಯದಲ್ಲೇ ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಸದ್ಯ 2029ರವರೆಗೆ. ಅದು ಕೊಡಗಿನ ಮಾತು. ಬಾದಾಮಿ, ಹುನಗುಂದ, ಇಳಕಲ್‌ಗೆ ಆ ವಿನಾಯಿತಿ ಇಲ್ಲ.

ಈಗ ನಮ್ಮ ಕೇಳುಗರ ವಿಷಯಕ್ಕೆ ಬರೋಣ. "ತಗೊಂಡು ಹೋಗ್ರಿ, ಕಾಗದ ಆಮ್ಯಾಲ." ಇದೊಂದು ಸಾಲಿನಲ್ಲಿ ಎರಡು ಮನೆ ಹಾಳಾಗಬಹುದು.

ಯಾಕೆ ಅಂದ್ರೆ, ಲೈಸೆನ್ಸ್ ಇರೋದು ಮನುಷ್ಯನ ಹೆಸರಲ್ಲಿ, ಮನೆಯ ಹೆಸರಲ್ಲಿ ಅಲ್ಲ. ಲೈಸೆನ್ಸ್ ಇದ್ದವರು ತೀರಿಕೊಂಡ ದಿನ ಆ ಬಂದೂಕು ಅನಾಥ ಆಗುತ್ತೆ. ಆಗ ಮನೆಯವರು ತಡಮಾಡದೆ ಅದನ್ನ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಲೈಸೆನ್ಸ್ ಇರೋ ಡೀಲರ್ ಹತ್ರ ಠೇವಣಿ ಇಡಬೇಕು. ಕಾಯ್ದೆಯ 21ನೇ ಸೆಕ್ಷನ್ ಹೇಳೋದು ಇದನ್ನೇ. ಬಾಗಲಕೋಟೆ ಮನೆಯವರು ಎರಡು ವರ್ಷದಿಂದ ಇಟ್ಟುಕೊಂಡಿದ್ದಾರೆ. ಅವರು ಕೆಟ್ಟವರಲ್ಲ, ಮರೆತಿದ್ದಾರೆ ಅಷ್ಟೆ. ಆದ್ರೆ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡ್ರೆ, 2019ರ ತಿದ್ದುಪಡಿ ಆದಮೇಲೆ, ಎರಡರಿಂದ ಐದು ವರ್ಷ ಜೈಲು ಮತ್ತು ದಂಡ. ನಮ್ಮ ಕೇಳುಗರು ಅದನ್ನ ಬೈಕಿಗೆ ಕಟ್ಟಿಕೊಂಡು ಹುನಗುಂದ ದಾಟೋ ಮುಂಚೆ ಯಾರಾದ್ರೂ ನಿಲ್ಲಿಸಿದ್ರೆ, "ಇದು ನಮ್ಮ ಅಜ್ಜಂದು ಸರ್" ಅನ್ನೋ ಮಾತು ಕೋರ್ಟಲ್ಲಿ ನಿಲ್ಲಲ್ಲ.

ಹಾಗಾದ್ರೆ ಸರಿಯಾದ ದಾರಿ ಯಾವುದು? ಮೂರು ಹೆಜ್ಜೆ.

ಒಂದನೇದು, ಮಾರೋ ಮನೆಯವರದ್ದು. ಅವರು ವಕೀಲರನ್ನ ಜೊತೆ ಕರ್ಕೊಂಡು, ಹಳೇ ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣಪತ್ರ ಹಿಡ್ಕೊಂಡು ಹೋಗಿ ಬಂದೂಕನ್ನ ಠೇವಣಿ ಇಟ್ಟು ರಸೀದಿ ತಗೋಬೇಕು. ತಡ ಆಗಿದೆ ಅಂತ ಹೆದರಿ ಇನ್ನೂ ತಡ ಮಾಡಬಾರದು. ಠೇವಣಿ ಇಟ್ಟರೆ ಬಂದೂಕು ಹೋಯ್ತು ಅಂತಲ್ಲ. ನಿಗದಿತ ಅವಧಿ ಒಳಗೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸಿ ಬಿಡಿಸಿಕೊಳ್ಳಬಹುದು, ಅಥವಾ ಅರ್ಹತೆ ಇರೋ ಬೇರೆಯವರಿಗೆ ಮಾರಬಹುದು. ಅವಧಿ ದಾಟಿದ್ರೆ ಮಾತ್ರ ಅದು ಸರ್ಕಾರದ ಪಾಲಾಗಬಹುದು.

ಎರಡನೇದು, ಕೊಳ್ಳೋರದ್ದು. ಬಂದೂಕಿಗಿಂತ ಮುಂಚೆ ಲೈಸೆನ್ಸ್. ವಯಸ್ಸು 21 ಆಗಿರಬೇಕು. ನವನಗರದ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ, ಅಲ್ಲಿಂದ ಪೊಲೀಸ್ ವರದಿ. ಬಂದೂಕನ್ನ ಸುರಕ್ಷಿತವಾಗಿ ಹಿಡಿಯೋ ತರಬೇತಿಯ ಪ್ರಮಾಣಪತ್ರವೂ ಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಬೆಳೆ ಕಾಯೋಕೆ ಮದ್ದು ತುಂಬೋ ನಾಡಬಂದೂಕು ಕೇಳಿದ್ರೆ ಕಾಯ್ದೆ ಸ್ವಲ್ಪ ಮೆತ್ತಗೆ ನೋಡುತ್ತೆ. ರೈಫಲ್ ಕೇಳಿದ್ರೆ ಹಾಗಲ್ಲ, "ಸರಿಯಾದ ಕಾರಣ" ಇದೆ ಅಂತ ಅಧಿಕಾರಿಗೆ ಮನವರಿಕೆ ಆಗಬೇಕು. ಅಜ್ಜನ ನೆನಪು ನಿಮಗೆ ದೊಡ್ಡ ಕಾರಣ, ಕಡತದಲ್ಲಿ ಅದು ಚಿಕ್ಕದು. ಬೇಟೆ ಆಡ್ತೀನಿ ಅಂತ ಬರೆಯೋ ಹಾಗೂ ಇಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಅರ್ಜಿ ತಿರಸ್ಕಾರ ಆಗಬಹುದು. ಅದಕ್ಕೆ ಮನಸ್ಸು ಗಟ್ಟಿ ಮಾಡ್ಕೊಂಡೇ ಅರ್ಜಿ ಹಾಕಿ. ಮುಂಗಡ ಹಣ ಮಾತ್ರ ಕೊಡಬೇಡಿ.

ಮೂರನೇದು, ವ್ಯವಹಾರದ್ದು. ಲೈಸೆನ್ಸ್ ಇರೋ ಒಬ್ಬರು ಇನ್ನೊಬ್ಬ ಲೈಸೆನ್ಸ್‌ದಾರರಿಗೆ ಮಾರೋದಾದ್ರೂ, ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೆ ಅಥವಾ ಠಾಣೆಗೆ ಬರವಣಿಗೆಯಲ್ಲಿ ತಿಳಿಸಬೇಕು. ಯಾರಿಗೆ ಮಾರ್ತೀನಿ, ವಿಳಾಸ ಏನು, ಎಲ್ಲಾ. ತಿಳಿಸಿದ ಮೇಲೆ ಕನಿಷ್ಠ 45 ದಿನ ಕಾಯಬೇಕು. ಸೆಕೆಂಡ್ ಹ್ಯಾಂಡ್ ಬೈಕ್ ತರಹ ಸಂಜೆ ಮಾತಾಡಿ ಬೆಳಿಗ್ಗೆ ಓಡಿಸೋದಲ್ಲ.

ನಮ್ಮ ಭಾಗದವರಿಗೆ ಇನ್ನೊಂದು ತೊಡಕು. ಬಾಗಲಕೋಟೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮುಂಚಿನ ಲೈಸೆನ್ಸ್ ಅಂದ್ರೆ ವಿಜಾಪುರ ಜಿಲ್ಲೆಯದ್ದು. ಮೇಲೆ ಆಲಮಟ್ಟಿ ಹಿನ್ನೀರು ಬಂದು ಹಳೇ ಬಾಗಲಕೋಟೆಯ ಎಷ್ಟೋ ಮನೆ ನವನಗರಕ್ಕೆ ಬಂದವು. ಮನೆ ಬಂತು, ಟ್ರಂಕು ಬಂತು, ಬಂದೂಕೂ ಬಂತು. ಪುಸ್ತಕದಲ್ಲಿ ವಿಳಾಸ ಬದಲಾಯ್ತಾ? ಬಂದೂಕಿನ ಮೇಲಿನ ನಂಬರ್ ಮತ್ತು ಪುಸ್ತಕದ ನಂಬರ್ ಒಂದೇ ಇದೆಯಾ? ಇದನ್ನ ನೋಡದೆ ಬೆಲೆ ಮಾತಾಡಬೇಡಿ.

ಬೆಲೆ ಅಂದಮೇಲೆ ಬಂದೂಕನ್ನ ನೋಡೋದು ಹೇಗೆ ಅಂತಾನೂ ಹೇಳ್ತೀನಿ. ಇದನ್ನ ಠಾಣೆ ಅಥವಾ ಡೀಲರ್ ಹತ್ರ, ತಿಳಿದ ಗನ್‌ಸ್ಮಿತ್ ಮುಂದೆ ಮಾಡಬೇಕು. ಬ್ಯಾರಲ್ ಒಳಗೆ ಬೆಳಕು ಬಿಟ್ಟು ನೋಡಿ, ಸುರುಳಿ ಗೀರು ಚೂಪಾಗಿದೆಯಾ, ತುಕ್ಕು ತಿಂದು ಗುಂಡಿ ಬಿದ್ದಿದೆಯಾ? ಲಿವರ್ ಮುಚ್ಚಿದಾಗ ಗಟ್ಟಿಯಾಗಿ ಕೂರುತ್ತಾ, ಲಡಬಡ ಅನ್ನುತ್ತಾ? ಕಟ್ಟಿಗೆ ಸೀಳಿದೆಯಾ? ಬ್ಯಾರಲ್ ಮೇಲೆ .30 ಡಬ್ಲ್ಯುಸಿಎಫ್ ಅಂತಿದ್ರೆ ಗಾಬರಿ ಬೇಡ, ಅದು .30-30ರ ಹಳೇ ಹೆಸರು. ಈ ರೈಫಲ್‌ನಲ್ಲಿ ತೋಟಾಗಳು ಬ್ಯಾರಲ್ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಮಲಗಿರ್ತವೆ. ಹಿಂದಿನ ಗುಂಡಿನ ಮೂತಿ ಮುಂದಿನ ತೋಟಾದ ಬೆನ್ನಿಗೆ ತಾಗಿರುತ್ತೆ. ಅದಕ್ಕೇ ಗುಂಡಿನ ಮೂತಿ ಚಪ್ಪಟೆ ಇರ್ತದೆ. ಚೂಪು ಮೂತಿಯ ಗುಂಡು ಹಾಕಿದ್ರೆ ಕೊಳವೆಯೊಳಗೇ ಸಿಡಿಯೋ ಅಪಾಯ. ಹಳೇ ಮಾಡೆಲ್‌ಗಳಲ್ಲಿ ಬೇರೆ ಸೇಫ್ಟಿ ಬಟನ್ ಕೂಡ ಇಲ್ಲ. ಹೊಳಪು ಬರಲಿ ಅಂತ ಉಜ್ಜಿ ಪಾಲಿಶ್ ಮಾಡಿಸಬೇಡಿ, ಅಜ್ಜನ ಕೈಗುರುತು ಅದರ ಜೊತೆಗೇ ಹೋಗುತ್ತೆ.

ಇನ್ನು ತೋಟಾ. ನಮ್ಮ ಆರ್ಡ್‌ನೆನ್ಸ್ ಫ್ಯಾಕ್ಟರಿಯ .315 ಸಿಕ್ಕಷ್ಟು ಸುಲಭವಾಗಿ .30-30 ಸಿಗಲ್ಲ. 1980ರ ದಶಕದಿಂದ ಸಾಮಾನ್ಯ ಜನ ವಿದೇಶಿ ಬಂದೂಕು ತರಿಸೋಕೆ ತಡೆ ಇದೆ. ಅಂದ್ರೆ ದೇಶದಲ್ಲಿರೋ ಹಳೇ ವಿಂಚೆಸ್ಟರ್‌ಗಳೆಲ್ಲ ಯಾರದ್ದೋ ಅಜ್ಜಂದಿರದ್ದೇ. ಬೆಲೆ ಏರೋದು ಅದಕ್ಕೆ. ಇಳಕಲ್‌ನವರಿಗೆ ಇದನ್ನ ನಾನು ಹೇಳಬೇಕಾಗಿಲ್ಲ. ಅಜ್ಜಿಯ ಟೋಪ ತೆನಿ ಸೆರಗಿನ ಸೀರೆಗೆ ಮನೆಯಲ್ಲಿ ಬೆಲೆ ಕಟ್ಟೋಕಾಗಲ್ಲ. ಆದ್ರೆ ಅಂಗಡಿಯವನು ನೂಲು ನೋಡಿ ಬೆಲೆ ಹೇಳ್ತಾನೆ. ಬಂದೂಕಿನದ್ದೂ ಅಷ್ಟೆ. ಮಾರೋರಿಗೆ ಕಬ್ಬಿಣದ ಬೆಲೆ ಕೊಡಿ, ನೆನಪಿನ ಬೆಲೆ ಕೊಡಬೇಡಿ. ಆ ನೆನಪು ಮೊದಲಿಂದಲೂ ನಿಮ್ಮದೇ.

ಕೊನೆಗೆ ಏನಾಯ್ತು? ನಾನು ಕೇಳುಗರಿಗೆ ಫೋನ್ ಮಾಡಿ ಇಷ್ಟೂ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಂಗಾರ ಸಿಗೂದು ಕಷ್ಟ ಐತಿ ಅನ್ರಿ" ಅಂದರು. ಹೌದು, ಕಷ್ಟ ಇದೆ ಅಂದೆ. ಮೊನ್ನೆ ಮತ್ತೆ ಮೆಸೇಜ್ ಬಂತು. ಬಾಗಲಕೋಟೆ ಮನೆಯವರು ವಕೀಲರ ಜೊತೆ ಹೋಗಿ ಬಂದೂಕನ್ನ ಠೇವಣಿ ಇಟ್ಟಿದ್ದಾರೆ. ಇವರು ಅರ್ಜಿ ಹಾಕೋ ತಯಾರಿಯಲ್ಲಿದ್ದಾರೆ. ಸಿಗುತ್ತೋ ಇಲ್ಲವೋ ಗೊತ್ತಿಲ್ಲ. ಆದ್ರೆ ಇವತ್ತು ರಾತ್ರಿ ಎರಡೂ ಮನೆಯವರು ನಿಶ್ಚಿಂತೆಯಿಂದ ಮಲಗ್ತಾರೆ.

ಈಗ ನಿಮಗೊಂದು ಕೆಲಸ. ಮನೆಯಲ್ಲಿ ಅಜ್ಜ ಇದ್ದು, ಅವರ ಹೆಸರಲ್ಲಿ ಲೈಸೆನ್ಸ್ ಬಂದೂಕು ಇದ್ರೆ, ಅವರಿರುವಾಗಲೇ ಕೂತು ಮಾತಾಡಿ. 70 ವರ್ಷ ದಾಟಿದವರು, ಅಥವಾ 25 ವರ್ಷ ಬಂದೂಕು ಇಟ್ಟುಕೊಂಡವರು, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಕೊಡೋಕೆ 2016ರ ನಿಯಮದಲ್ಲಿ ಅವಕಾಶ ಇದೆ. ಒಬ್ಬರ ಹೆಸರಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರೋ ಹಾಗಿಲ್ಲ ಅನ್ನೋದೂ ನೆನಪಿರಲಿ. ಅಜ್ಜ ಆಗಲೇ ಇಲ್ಲ ಅಂದ್ರೆ, ಇವತ್ತೇ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ನೋಡಿ. ಹಳೇ ತೋಟಾಗಳಿದ್ರೆ ಅದಕ್ಕೂ ಇದೇ ಕಾಯ್ದೆ. ಏನಾದ್ರೂ ಸಿಕ್ಕರೆ ನೀವೇ ಮುಟ್ಟಿ ತೆಗೆದು ನೋಡೋಕೆ ಹೋಗಬೇಡಿ, ವಕೀಲರಿಗೋ ಠಾಣೆಗೋ ತಿಳಿಸಿ. ಹಾಗೇ ಖಂಡೇಪೂಜೆ ಇರಲಿ, ಮದುವೆ ಇರಲಿ, ಖುಷಿಗೆ ಗಾಳಿಯಲ್ಲಿ ಗುಂಡು ಹಾರಿಸೋದು 2019ರಿಂದ ಪ್ರತ್ಯೇಕ ಅಪರಾಧ.

ನಿಮ್ಮ ಮನೆಯಲ್ಲೂ ಇಂಥ ಹಳೇ ಸಾಮಾನಿನ ಕಥೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗೋಣ. ಅಲ್ಲಿವರೆಗೂ ಆರಾಮಾಗಿರಿ.